ಇದೇನು, ಹೇಳಿ ನೋಡೋಣ

ಹಳೇ ಮರಗೆಲಸದ ಸಲಕರಣೆ ಮುಂದಿಟ್ಟು ‘ಇದೇನು?’ ಅಂತ ಕೇಳೋ ಆಟದಲ್ಲಿ ಸುಲಭಕ್ಕೆ ಬಗ್ಗದ ವಸ್ತು ಒಂದಿದೆ. ನೋಡೋಕೆ ಇಕ್ಕಳ. ಹಿಡಿ ಅಮುಕಿದರೆ ಬಾಯಿಂದ ಪುಟ್ಟ ಉಕ್ಕಿನ ಕಡ್ಡಿ ಮುಂದೆ ಬರುತ್ತೆ. ಎದುರಿಗೆ ತಿರುಗೋ ಬಿಲ್ಲೆ, ಅದರ ಮೇಲೆ ಅಂಕಿಗಳು. ಚರ್ಮಕ್ಕೆ ತೂತು ಹೊಡೆಯೋದಾ? ಟಿಕೆಟ್ ಪಂಚಾ?

ಎರಡೂ ಅಲ್ಲ. ಇದು ಗರಗಸದ ಹಲ್ಲು ಬಾಗಿಸೋ ‘ಸಾ ಸೆಟ್’. ಒಂದು ಹಲ್ಲು ಎಡಕ್ಕೆ, ಪಕ್ಕದ್ದು ಬಲಕ್ಕೆ. ಆಗ ಕೊಯ್ದ ಸೀಳು ಅಲಗಿಗಿಂತ ಚೂರು ಅಗಲವಾಗುತ್ತೆ, ಗರಗಸ ಮರದೊಳಗೆ ಸಿಕ್ಕಿಕೊಳ್ಳಲ್ಲ. ಬಿಲ್ಲೆಯ ಅಂಕಿ ಇಂಚಿಗೆಷ್ಟು ಹಲ್ಲು ಅನ್ನೋದರ ಲೆಕ್ಕ.

ಉಳಿ, ಬಾಚಿ, ಬೈರಿಗೆ ಎಲ್ಲವೂ ಮರ ಮುಟ್ಟುತ್ತವೆ. ಇದು ಮಾತ್ರ ಮುಟ್ಟೋದೇ ಇಲ್ಲ, ಅದಕ್ಕೇ ಊಹೆ ದಾರಿ ತಪ್ಪುತ್ತೆ. ಈಗಿನ ಎಷ್ಟೋ ಅಗ್ಗದ ಗರಗಸಗಳ ಹಲ್ಲನ್ನ ಕಾಯಿಸಿ ಗಡಸು ಮಾಡಿರ್ತಾರೆ. ಅರ ಹತ್ತಲ್ಲ, ಬಾಗಿಸಿದರೆ ಮುರಿಯುತ್ತೆ, ಮೊಂಡಾದರೆ ಬಿಸಾಡೋದೇ. ಹರಿತ ಮಾಡಿ ಬಳಸೋ ಅಭ್ಯಾಸ ಹೋದ ಮೇಲೆ ಅದರ ಸಲಕರಣೆಯೂ ಒಗಟಾಯ್ತು.

ಅಜ್ಜನ ಪೆಟ್ಟಿಗೇಲಿ ಗುರುತು ಸಿಗದ ಕಬ್ಬಿಣ ಇದ್ದರೆ ಗುಜರಿಗೆ ಹಾಕೋ ಮೊದಲು ವಯಸ್ಸಾದ ಆಚಾರ್ರೊಬ್ಬರ ಕೈಗೆ ಕೊಟ್ಟು ಕೇಳಿ.