ನಡಿಗೆಯ ಪರೀಕ್ಷೆ

ಹೆಣ್ಣುಮಕ್ಕಳ ನಡಿಗೆಯ ಬಗ್ಗೆ ಅಭಿಪ್ರಾಯವಿಲ್ಲದವರು ನಮ್ಮಲ್ಲಿ ಯಾರಿದ್ದಾರೆ ಹೇಳಿ? ಬಿರುಸಾಗಿ ನಡೆದರೆ ಗಂಡುಬೀರಿ, ನಿಧಾನ ನಡೆದರೆ ಸೋಮಾರಿ, ಹೆಜ್ಜೆಯ ಸದ್ದು ಕೇಳಿಸಿದರೆ ಮನೆಗೆ ಏಳಿಗೆಯಿಲ್ಲ. ಇನ್ನು ಓಡುವುದಂತೂ ದೂರದ ಮಾತು. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಮೊದಲ ಬಾರಿಗೆ ನಡೆದದ್ದೇ 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಪಿ.ಟಿ. ಉಷಾ ಸೆಕೆಂಡಿನ ನೂರರಲ್ಲೊಂದು ಪಾಲಿನಿಂದ ಪದಕ ತಪ್ಪಿಸಿಕೊಂಡದ್ದೂ ಅಲ್ಲೇ. ಆಗ ಹೈಸ್ಕೂಲಿನಲ್ಲಿದ್ದ ನಾವು ಹುಡುಗಿಯರು ವಾರವೆಲ್ಲ ಅದನ್ನೇ ಮಾತಾಡಿದೆವು. ಆದರೆ ಸಂಜೆ ಮೈದಾನಕ್ಕೆ ಹೋದವರು ಹುಡುಗರು ಮಾತ್ರ.

ಮೂವತ್ತು ವರ್ಷ ಕಪ್ಪುಹಲಗೆಯ ಮುಂದೆ ನಿಂತವಳು ನಾನು. ನಮ್ಮಮ್ಮ ಅರವತ್ತಕ್ಕೇ ಮಂಡಿನೋವಿನಿಂದ ಕೂತವರು, ಕಡೆಯ ವರ್ಷಗಳಲ್ಲಿ ಬಾಗಿಲ ಹೊಸಿಲು ದಾಟಲಿಲ್ಲ. ಆ ಭಯವೇ ನನ್ನನ್ನು ಎರಡು ವರ್ಷದ ಹಿಂದೆ ಹಾಸನದ ಮೈದಾನಕ್ಕೆ ಎಳೆದು ತಂದಿತು. ಮೊದಲು ನಡಿಗೆ, ಆಮೇಲೆ ಸಣ್ಣಗೆ ಓಟ. ಕಾಲಿಗೆ ಮಗ ಬಿಟ್ಟುಹೋದ ಹಳೆಯ ಶೂ, ಮುಂದುಗಡೆ ಒಂದಿಷ್ಟು ಹತ್ತಿ. ಎಡ ಮಂಡಿ ಗೊಣಗತೊಡಗಿದಾಗ ಬೆಂಗಳೂರಿನ ಮಗಳು, "ಅಮ್ಮಾ, ನೀನು ಓಡೋದನ್ನ ನೋಡಿ ಶೂ ಕೊಡೋ ಅಂಗಡಿ ಇದೆ, ಬಾ" ಎಂದಳು. ಹೋದೆ.

ಅಂಗಡಿಯ ಹುಡುಗ ಮೊದಲು ನನ್ನ ಹಳೆಯ ಶೂ ತಿರುಗಿಸಿ ಅಟ್ಟೆ ಎಲ್ಲಿ ಸವೆದಿದೆಯೆಂದು ನೋಡಿದ. ಆಮೇಲೆ ಬರಿಗಾಲಲ್ಲಿ ಒಂದು ಗಾಜಿನ ಹಲಗೆಯ ಮೇಲೆ ನಿಲ್ಲಿಸಿ ಪಾದದ ಕಮಾನು ಪರೀಕ್ಷಿಸಿದ. "ಮೇಡಂ, ಈಗ ಟ್ರೆಡ್‌ಮಿಲ್ ಮೇಲೆ ಎರಡು ನಿಮಿಷ ಓಡಿ" ಎನ್ನುತ್ತಾ ಹಿಮ್ಮಡಿಯ ಎತ್ತರಕ್ಕೆ ಹಿಂದಿನಿಂದ ಕ್ಯಾಮೆರಾ ಇಟ್ಟ.

ಚೂಡಿದಾರದ ಕಾಲು ಮೇಲಕ್ಕೆ ಮಡಚುವಾಗ 1993ರ ಒಂದು ಮಧ್ಯಾಹ್ನ ನೆನಪಾಯಿತು. ನನ್ನನ್ನು ನೋಡಲು ಬಂದಿದ್ದ ಹಿರಿಯರೊಬ್ಬರು, "ಒಂದು ಲೋಟ ನೀರು ತಂದುಕೊಡಮ್ಮ" ಎಂದಿದ್ದರು. ಅವರಿಗೆ ಬಾಯಾರಿರಲಿಲ್ಲ, ಹುಡುಗಿ ಕುಂಟುತ್ತಾಳೋ ಏನೋ ನೋಡಬೇಕಿತ್ತು. ಲೋಟದ ನೀರು ತುಳುಕದಂತೆ ನಡೆದಿದ್ದೆ. ಈ ಹುಡುಗ ಹೇಳಿದ್ದು ಅದಕ್ಕೆ ತದ್ವಿರುದ್ಧ: "ಚೆನ್ನಾಗಿ ಓಡೋಕೆ ಹೋಗ್ಬೇಡಿ ಮೇಡಂ, ದಿನಾ ಹೇಗೆ ಓಡ್ತೀರೋ ಹಾಗೇ ಓಡಿ." ಆ ಮಾತಿಗೆ ನನ್ನ ಕಣ್ಣು ಯಾಕೆ ತೇವವಾಯಿತೋ! ಮಗಳು ಬೆವರೆಂದುಕೊಂಡಳು.

ಚಿತ್ರವನ್ನು ನಿಧಾನಗತಿಯಲ್ಲಿ ತೋರಿಸಿದ. ಹಿಮ್ಮಡಿಯ ಹೊರ ಅಂಚು ಮೊದಲು ನೆಲ ಮುಟ್ಟುತ್ತದೆ, ಆಮೇಲೆ ಪಾದ ತುಸು ಒಳಕ್ಕೆ ಹೊರಳುತ್ತದೆ. ಇದನ್ನು ಪ್ರೊನೇಶನ್ ಎನ್ನುತ್ತಾರೆ. ಇದು ರೋಗವಲ್ಲ, ಹುಟ್ಟಿನಿಂದ ಬಂದ ಸ್ಪ್ರಿಂಗು. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಭಾರ ಬೀಳುವುದರಿಂದ ಆ ಹೊರಳುವಿಕೆ ಬೇಕೇಬೇಕು. ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ. ನನ್ನ ಎಡಗಾಲು ಬಲಗಾಲಿಗಿಂತ ಹೆಚ್ಚು ಹೊರಳುತ್ತಿತ್ತು.

ಒಳಬದಿ ಗಟ್ಟಿಯಿರುವ ಒಂದು ಜೊತೆ, ಸಾದಾ ಇನ್ನೊಂದು ಜೊತೆ ಮುಂದಿಟ್ಟ. ಫಿಸಿಯೋಥೆರಪಿ ಓದಿದ ಮಗಳು ಅಲ್ಲಿಯೇ ಪಾಠ ಹೇಳಿದಳು. ಅಮೆರಿಕದ ಸೇನೆಯ ತರಬೇತಿಯವರಲ್ಲಿ ಪಾದದ ಆಕಾರ ನೋಡಿ ಕೆಲವರಿಗೆ ಬೇರೆ ಬೇರೆ ಶೂ, ಉಳಿದವರಿಗೆಲ್ಲ ಒಂದೇ ಬಗೆಯ ಶೂ ಕೊಟ್ಟು ನೋಡಿದ್ದರಂತೆ. 2009-10ರಲ್ಲಿ ಪ್ರಕಟವಾದ ಆ ಅಧ್ಯಯನಗಳಲ್ಲಿ ಎರಡು ಗುಂಪಿನವರ ಪೆಟ್ಟಿನಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. "ಅದಕ್ಕೇ ಕ್ಯಾಮೆರಾ ಹೇಳಿದ್ದನ್ನೂ ಕೇಳು, ಕಾಲು ಹೇಳಿದ್ದನ್ನೂ ಕೇಳಮ್ಮಾ" ಎಂದಳು. ಎರಡನ್ನೂ ಹಾಕಿ ಓಡಿ ನೋಡಿದೆ. ಗಟ್ಟಿಯದು ಒತ್ತಿತು, ಸಾದಾದು ಕಾಲಲ್ಲಿದೆಯೆಂದೇ ತಿಳಿಯಲಿಲ್ಲ. ಅದನ್ನೇ ತಂದೆ. ಬೆಲೆ ಕೇಳಿ ಯಜಮಾನರು ಎರಡು ಸಲ ಕನ್ನಡಕ ಒರೆಸಿಕೊಂಡರು!

ಮಂಡಿನೋವು ಮಾಯವಾಗಲಿಲ್ಲ, ಕಡಿಮೆಯಾಗಿದೆ. ಶೂ ವೈದ್ಯರಲ್ಲ, ತೊಡೆಗೆ ಬಲ ಬರುವ ವ್ಯಾಯಾಮ, ಮೆಲ್ಲಗೆ ಏರಿಸುವ ದೂರ ಇವೂ ಬೇಕು. ನೀವು ಕೊಳ್ಳುವುದಾದರೆ ಸಂಜೆ ಹೊತ್ತು ಹೋಗಿ, ಆಗ ಪಾದ ತುಸು ಊದಿರುತ್ತದೆ. ಬೆರಳ ತುದಿಗೂ ಶೂಗೂ ನಡುವೆ ಹೆಬ್ಬೆರಳಗಲ ಜಾಗವಿರಲಿ. ಗಂಡಸರದು ಚಿಕ್ಕ ಸೈಜು ಸಾಕೆನ್ನಬೇಡಿ; ನಮ್ಮ ಹಿಮ್ಮಡಿ ಸಾಮಾನ್ಯವಾಗಿ ಕಿರಿದು.

ಅಂಗಡಿ ದೂರವೇ? ಚಿಂತೆಯಿಲ್ಲ. ಮನೆಯವರೆಲ್ಲರ ಚಪ್ಪಲಿ ಜೋಡಿಸಿಡುವವರು ನಾವೇ ತಾನೆ. ಇವತ್ತು ಜೋಡಿಸುವಾಗ ನಿಮ್ಮದನ್ನೊಮ್ಮೆ ತಿರುಗಿಸಿ, ಅಟ್ಟೆ ಎಲ್ಲಿ ಸವೆದಿದೆ ನೋಡಿ.