ಮೂರಡಿ ಯಾತ್ರಿಕರೊಡನೆ ಒಂದು ದಿನ

ಆಟದ ಉದ್ಯಾನವೆಂಬುದು ನಮ್ಮ ಸೀಮೆಯ ಮಕ್ಕಳಿಗೆ ಹೊಸ ಸಂಗತಿಯಲ್ಲ. ಹೆಸರು ಮಾತ್ರ ಹೊಸದು. ಜಾತ್ರೆಯ ಬಯಲಿನಲ್ಲಿ ಕಿರುಗುಟ್ಟುತ್ತ ಮೇಲೇರಿ ಕೆಳಗಿಳಿಯುವ ಮರದ ತೊಟ್ಟಿಲು, ಮರದ ಕುದುರೆಗಳ ಸುತ್ತು, ಬಣ್ಣದ ಗಿರಿಗಿಟ್ಟೆ, ಪೀಪಿ, ಬತ್ತಾಸು, ಖಾರದ ಪುರಿ: ಇವೆಲ್ಲ ಹಿಂದೂಪುರ ಮತ್ತು ಕಲ್ಯಾಣದುರ್ಗದ ಹಳ್ಳಿಗಳ ಅಜ್ಜ ಅಜ್ಜಿಯರೂ ಕಂಡವೇ. ಆ ಬಯಲಿಗೆ ಪ್ರವೇಶದ ಚೀಟಿ ಇರಲಿಲ್ಲ. ಮಗು ಅತ್ತರೆ ಹೆಗಲ ಮೇಲೆ ಹೊತ್ತು ಅರ್ಧ ಗಳಿಗೆಯಲ್ಲಿ ಮನೆ ಸೇರಬಹುದಾಗಿತ್ತು. ಈಗಿನ ಮಕ್ಕಳು ಕೈಫೋನಿನ ತೆರೆಯಲ್ಲಿ ನೀರಿನ ಜಾರುಬಂಡಿಗಳನ್ನು ನೋಡಿ, ಹೆಸರನ್ನು ಸರಿಯಾಗಿ ಉಚ್ಚರಿಸಲು ಬರುವ ಮೊದಲೇ ‘ವಂಡರ್‌ಲಾಕ್ಕೆ ಹೋಗೋಣ’ ಎಂದು ಹಟ ಹಿಡಿಯುತ್ತಾರೆ. ಹಿರಿಯ ಮಕ್ಕಳಾದರೆ ಹೇಗೋ ನಿಭಾಯಿಸಬಹುದು. ಅಂಗನವಾಡಿಗೆ ಹೋಗುವ, ಇನ್ನೂ ಒಂದನೆಯ ತರಗತಿಯ ಹೊಸ್ತಿಲು ತುಳಿಯದ ಮಕ್ಕಳನ್ನು ಕರೆದುಕೊಂಡು ರಾಜ್ಯದ ಗಡಿ ದಾಟಿ ಹೋಗಿ ಬರುವ ಒಂದು ದಿನಕ್ಕೆ ಮಾತ್ರ ಬೇರೆಯದೇ ಸಿದ್ಧತೆ ಬೇಕಾಗುತ್ತದೆ.

ಅಮೆರಿಕದಲ್ಲಿ ವಾಲ್ಟ್ ಡಿಸ್ನಿ ತನ್ನ ಹೆಣ್ಣುಮಕ್ಕಳನ್ನು ಕುದುರೆಸುತ್ತಿನ ಮೇಲೆ ಕೂರಿಸಿ, ತಾನು ಬೆಂಚಿನ ಮೇಲೆ ಸುಮ್ಮನೆ ಕುಳಿತಿದ್ದಾಗ, ಹಿರಿಯರೂ ಕಿರಿಯರೂ ಕೂಡಿ ಆಡಬಹುದಾದ ಸ್ಥಳವೊಂದು ಇರಬಾರದೇಕೆ ಎಂದು ಯೋಚಿಸಿದನಂತೆ. 1955ರ ಜುಲೈನಲ್ಲಿ ತೆರೆದ ಡಿಸ್ನಿಲ್ಯಾಂಡಿಗೆ ಆ ಬೆಂಚೇ ಮೂಲವೆಂದು ಹೇಳುವುದುಂಟು. ಅಷ್ಟೆಲ್ಲ ಆದರೂ, ಮೂರು ವರ್ಷದ ಮಗುವಿನ ತಾಯಿ ತಂದೆಯರ ಪಾಲಿಗೆ ಇಂದಿಗೂ ಹೆಚ್ಚಾಗಿ ಉಳಿದಿರುವುದು ಆ ಬೆಂಚೇ ಎಂಬುದನ್ನು ಹೊರಡುವ ಮೊದಲೇ ಒಪ್ಪಿಕೊಳ್ಳುವುದು ಒಳ್ಳೆಯದು.

ನಮಗೆ ಹತ್ತಿರದ ದೊಡ್ಡ ಉದ್ಯಾನವೆಂದರೆ ಬಿಡದಿಯ ಬಳಿಯ ವಂಡರ್‌ಲಾ. ಕೊಚ್ಚಿಯಲ್ಲಿ 2000ದಲ್ಲಿ ಇಂಥದೊಂದನ್ನು ಆರಂಭಿಸಿದ್ದ ವಿ-ಗಾರ್ಡ್ ಸಂಸ್ಥೆಯ ಕೊಚೌಸೇಪ್ ಚಿಟ್ಟಿಲಪ್ಪಿಳ್ಳಿ ಅವರು 2005ರಲ್ಲಿ ಇದನ್ನು ತೆರೆದರು. ಬೆಂಗಳೂರಿನಿಂದ ಮೈಸೂರು ರಸ್ತೆಯಲ್ಲಿ 28 ಕಿಲೋಮೀಟರ್. ಸುಮಾರು 82 ಎಕರೆ. ನೀರಿನವೂ ನೆಲದವೂ ಸೇರಿ ಅರುವತ್ತಕ್ಕೂ ಹೆಚ್ಚು ಆಟಗಳು. ಇಲ್ಲಿ ಮಗುವಿನ ಟಿಕೆಟ್ಟನ್ನು ನಿರ್ಣಯಿಸುವುದು ವಯಸ್ಸಲ್ಲ, ಎತ್ತರ. 85 ಸೆಂಟಿಮೀಟರಿಗಿಂತ ಕಡಿಮೆ ಇರುವ ಮಗುವಿಗೆ ಶುಲ್ಕವಿಲ್ಲ. ಅಲ್ಲಿಂದ 140 ಸೆಂಟಿಮೀಟರಿನವರೆಗೆ ಮಕ್ಕಳ ದರ. ಅದರಾಚೆಗೆ ದೊಡ್ಡವರ ದರ.

ಲೆಕ್ಕದ ತೊಡಕು ಇರುವುದು ಇಲ್ಲಿಯೇ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಲ್ಲಿ ಎರಡು ವರ್ಷದ ಮಗುವಿನ ಮಧ್ಯಮ ಎತ್ತರವೇ 86ರ ಆಸುಪಾಸಿನಲ್ಲಿದೆ. ಮೂರು ತುಂಬಿದಾಗ ಅದು 95ರಿಂದ 96, ನಾಲ್ಕಕ್ಕೆ 103, ಐದಕ್ಕೆ 110. ಅಂದರೆ ಮೂರು ವರ್ಷದ ಬಹುತೇಕ ಮಕ್ಕಳು ಹಣ ಕೊಟ್ಟೇ ಒಳಗೆ ಹೋಗಬೇಕು. ಆದರೆ ಒಳಗೆ ಹೋದ ಮೇಲೆ ಅವರು ತೆರೆಯಲ್ಲಿ ಕಂಡು ಬಯಸಿದ ರೋಲರ್ ಕೋಸ್ಟರ್ ಮುಂತಾದ ವೇಗದ ಆಟಗಳ ಬಾಗಿಲಲ್ಲಿ ಎತ್ತರದ ಗುರುತು ಹಾಕಿದ ಅಳತೆಗೋಲು ನಿಂತಿರುತ್ತದೆ; ಅದು ಅವರ ತಲೆಗಿಂತ ಬಹಳ ಮೇಲಿರುತ್ತದೆ. ಮೂರಡಿಯಿಂದ ಮೂರೂವರೆ ಅಡಿಯ ಈ ಯಾತ್ರಿಕರಿಗೆ ದಕ್ಕುವುದು ಮಕ್ಕಳ ವಿಭಾಗದ ಸಣ್ಣ ಆಟಗಳು, ಕುದುರೆಸುತ್ತು, ಮೊಣಕಾಲುದ್ದದ ನೀರು. ಅದು ಅವರಿಗೆ ಸಾಕು, ನಿಜ. ಆದರೆ ಅಷ್ಟಕ್ಕಾಗಿ ನಾಲ್ವರ ಕುಟುಂಬ ಪೂರ್ಣ ಶುಲ್ಕ ತೆತ್ತು, ಊಟ ಮತ್ತು ಪ್ರಯಾಣದ ವೆಚ್ಚವನ್ನೂ ಸೇರಿಸಿಕೊಳ್ಳಬೇಕೇ ಎಂಬುದನ್ನು ಶೇಂಗಾ ಬೆಳೆಯ ಬೆಲೆಯನ್ನು ನಂಬಿ ಬದುಕುವ ಮನೆಗಳು ಕೂತು ಯೋಚಿಸಬೇಕು.

ಆದಕಾರಣ ಮೊದಲ ಕೆಲಸ ಮನೆಯಲ್ಲೇ ಆಗಬೇಕು. ಮಗುವನ್ನು ಗೋಡೆಗೆ ಒರಗಿಸಿ, ಬರಿಗಾಲಲ್ಲಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕವಿಟ್ಟು ಸೀಸದಕಡ್ಡಿಯಿಂದ ಗೆರೆ ಎಳೆಯಿರಿ. ‘ಈ ಗೆರೆ ಇಷ್ಟು ಮೇಲೆ ಬಂದಾಗ ಆ ದೊಡ್ಡ ಬಂಡಿ ಹತ್ತಬಹುದು’ ಎಂದು ಮೇಲೊಂದು ಗೆರೆಯನ್ನೂ ತೋರಿಸಿ. ಮನೆಯ ಗೋಡೆ ಹೇಳಿದ ‘ಇಲ್ಲ’ವನ್ನು ಮಗು ಸಹಿಸುತ್ತದೆ, ನೂರು ಜನರ ಸಾಲಿನಲ್ಲಿ ಅಪರಿಚಿತ ಕಾವಲುಗಾರ ಹೇಳಿದ ‘ಇಲ್ಲ’ವನ್ನು ಸಹಿಸುವುದಿಲ್ಲ. ನನ್ನ ಅಭಿಪ್ರಾಯ ಕೇಳುವುದಾದರೆ, ಮನೆಯ ಕಿರಿಯ ಮಗುವಿಗೆ ನಾಲ್ಕು ತುಂಬದೆ ಬಿಡದಿಯ ಮಾತು ಬೇಡ. ಹತ್ತು ಹನ್ನೆರಡು ವರ್ಷದ ಅಣ್ಣನೋ ಅಕ್ಕನೋ ಇದ್ದು ಅವರಿಗಾಗಿ ಹೋಗಲೇಬೇಕಾದರೆ ಕನಿಷ್ಠ ಮೂವರು ದೊಡ್ಡವರು ಹೊರಡಬೇಕು. ಒಬ್ಬರು ದೊಡ್ಡ ಮಕ್ಕಳೊಡನೆ, ಒಬ್ಬರು ಚಿಕ್ಕದರೊಡನೆ, ಇನ್ನೊಬ್ಬರು ಚೀಲಗಳೊಡನೆ.

ಇನ್ನು ದೂರದ ಮಾತು. ಹಿಂದೂಪುರದಿಂದ ಬೆಂಗಳೂರು ಸುಮಾರು ನೂರು ಕಿಲೋಮೀಟರ್. ಗೌರಿಬಿದನೂರು, ದೊಡ್ಡಬಳ್ಳಾಪುರ, ಯಲಹಂಕಗಳ ಮೇಲೆ ರೈಲು ನೇರವಾಗಿ ಹೋಗುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಬೇರೆ ಆಸನ ಕೇಳದಿದ್ದರೆ ರೈಲಿನಲ್ಲಿ ಟಿಕೆಟ್ಟಿಲ್ಲ. ನಡೆದಾಡಲು ಜಾಗವುಂಟು, ಶೌಚಾಲಯವುಂಟು. ಇಷ್ಟು ಚಿಕ್ಕವರಿಗೆ ಬಸ್ಸಿಗಿಂತ ರೈಲೇ ಮೇಲು. ಬೆಂಗಳೂರು ನಿಲ್ದಾಣದಿಂದ ನೇರಳೆ ಮಾರ್ಗದ ಮೆಟ್ರೋ 2023ರಿಂದ ಮೈಸೂರು ರಸ್ತೆಯ ಚಲ್ಲಘಟ್ಟದವರೆಗೂ ಓಡುತ್ತಿದೆ. ಅಲ್ಲಿಂದ ಮುಂದಕ್ಕೆ ಬಸ್ಸು. ಕಲ್ಯಾಣದುರ್ಗದವರಿಗೆ ಈ ದಾರಿ ಹತ್ತಿರ ಹತ್ತಿರ ಇಮ್ಮಡಿ. ಪಾವಗಡ, ಮಧುಗಿರಿಗಳ ಮೇಲೆ ಬಸ್ಸಿನಲ್ಲಿ ಹೋಗಿ ಅದೇ ದಿನ ಮರಳುವುದು ಐದು ವರ್ಷದೊಳಗಿನ ಮಕ್ಕಳಿಗೆ ಶಿಕ್ಷೆಯೇ ಸರಿ. ಮೂರು ನಾಲ್ಕು ವರ್ಷದ ಮಗುವಿಗೆ ಹಗಲಿನ ನಿದ್ರೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆಗಳ ನಿದ್ರೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಸುಕಿನ ನಾಲ್ಕಕ್ಕೆ ಎಬ್ಬಿಸಿದ ಮಗು ಮಧ್ಯಾಹ್ನ ಎರಡಕ್ಕೆ ಯಾವ ಆಟಕ್ಕೂ ಒದಗುವುದಿಲ್ಲ. ನಮ್ಮ ಕಡೆಯ ಬಹಳ ಮನೆಗಳಿಗೆ ಯಶವಂತಪುರದಲ್ಲೋ ಯಲಹಂಕದಲ್ಲೋ ನಂಟರಿರುತ್ತಾರೆ. ಹಿಂದಿನ ಸಂಜೆಯೇ ಹೋಗಿ ಅಲ್ಲಿ ತಂಗುವುದು ಲೇಸು. ಕೈಯಲ್ಲಿ ಒಂದಿಷ್ಟು ಕಡಲೆಬೀಜವಿದ್ದರೆ ಸಾಕು, ಅವರೂ ಸಂತೋಷಪಡುತ್ತಾರೆ.

ಬಸ್ಸಿನ ವಿಚಾರದಲ್ಲಿ ಗಡಿನಾಡಿಗರ ಪಾಡನ್ನು ಇಲ್ಲಿ ಹೇಳದಿರಲಾರೆ. 2023ರ ಜೂನ್‌ನಲ್ಲಿ ಆರಂಭವಾದ ಕರ್ನಾಟಕದ ಶಕ್ತಿ ಯೋಜನೆ ಆ ರಾಜ್ಯದ ನಿವಾಸಿ ಮಹಿಳೆಯರಿಗೆ. 2025ರ ಆಗಸ್ಟ್ 15ರಿಂದ ಜಾರಿಗೆ ಬಂದ ಆಂಧ್ರದ ಸ್ತ್ರೀಶಕ್ತಿ ನಮ್ಮ ರಾಜ್ಯದೊಳಗಿನ ಬಸ್ಸುಗಳಿಗೆ. ಹಿಂದೂಪುರದ ಕನ್ನಡ ತಾಯಿ ಲೇಪಾಕ್ಷಿಗೆ ಉಚಿತವಾಗಿ ಹೋಗಬಲ್ಲಳು. ಗಡಿ ದಾಟಿ ಬೆಂಗಳೂರಿಗೆ ಹೋಗುವಾಗ ಎರಡು ಯೋಜನೆಗಳೂ ಅವಳ ಕೈಹಿಡಿಯವು. ಕನ್ನಡದಲ್ಲಿ ಟಿಕೆಟ್ ಕೇಳಿದ ಮಾತ್ರಕ್ಕೆ ನಿರ್ವಾಹಕರು ನಮ್ಮನ್ನು ಅಲ್ಲಿಯವರೆಂದು ಎಣಿಸುವುದಿಲ್ಲ. ಖರ್ಚಿನ ಪಟ್ಟಿ ಬರೆಯುವಾಗ ಇದನ್ನು ಮರೆಯಬಾರದು.

ಆದರೆ ಅದೇ ಗಡಿ ಒಂದು ಅನುಕೂಲವನ್ನೂ ಮಾಡಿಕೊಟ್ಟಿದೆ. ನಮ್ಮ ಕನ್ನಡ ಮಾಧ್ಯಮ ಶಾಲೆಗಳು ಓದಿಸುವುದು ಕನ್ನಡದಲ್ಲಿ, ರಜೆ ಕೊಡುವುದು ಆಂಧ್ರದ ಪಂಚಾಂಗದಂತೆ. ಸಂಕ್ರಾಂತಿಗೆ ನಮಗೆ ವಾರಕ್ಕೆ ಕಡಿಮೆಯಿಲ್ಲದ ಬಿಡುವು. ಕರ್ನಾಟಕದ ಶಾಲೆಗಳಿಗೆ ಅಷ್ಟು ದೀರ್ಘ ರಜೆಯಿಲ್ಲ. ಹಬ್ಬದ ದಿನವನ್ನೂ ಅದರ ಅಕ್ಕಪಕ್ಕದ ಶನಿವಾರ ಭಾನುವಾರಗಳನ್ನೂ ಬಿಟ್ಟು, ರಜೆಯ ಮೊದಲ ದಿನಗಳಲ್ಲಿ ಹೋದರೆ ಸಾಲುಗಳು ಚಿಕ್ಕವು, ವಾರದ ದಿನದ ದರವೂ ಕಡಿಮೆ, ಬಿಸಿಲೂ ಸೌಮ್ಯ. ನೀರು ಮಾತ್ರ ತಣ್ಣಗಿರುತ್ತದೆ. ಚಿಕ್ಕವರನ್ನು ನಡುಹಗಲಿನಲ್ಲಷ್ಟೇ, ಅದೂ ಸ್ವಲ್ಪ ಹೊತ್ತು ಇಳಿಸಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಇಡೀ ಕರ್ನಾಟಕವೇ ಅಲ್ಲಿ ಸೇರಿರುತ್ತದೆ.

ಚೀಲದಲ್ಲಿ ಏನಿರಬೇಕು? ಹೊರಗಿನ ಊಟವನ್ನು ಒಳಗೆ ಬಿಡುವುದಿಲ್ಲ. ಎಳೆಯ ಮಕ್ಕಳ ಆಹಾರಕ್ಕೆ ವಿನಾಯಿತಿಯುಂಟು. ಆದ್ದರಿಂದ ಮೊಸರನ್ನದ ಬುತ್ತಿಯನ್ನು ಬಾಗಿಲಿಗೆ ಬರುವ ಮೊದಲೇ ಮುಗಿಸಬೇಕು. ಹೊಟ್ಟೆ ತುಂಬಿದ ಮಗು ಮೊದಲ ಎರಡು ಗಂಟೆ ತಕರಾರು ಮಾಡದು. ನೀರಿನಾಟಕ್ಕೆ ಹತ್ತಿಯ ಬಟ್ಟೆಯನ್ನು ಒಪ್ಪುವುದಿಲ್ಲ, ನೈಲಾನ್ ಈಜುಡುಗೆಯೇ ಬೇಕು. ಅದನ್ನು ಊರಿನಲ್ಲೇ ಕೊಂಡಿಟ್ಟುಕೊಂಡರೆ ಅಲ್ಲಿ ಅವಸರದಲ್ಲಿ ಹುಡುಕುವುದು ತಪ್ಪುತ್ತದೆ. ಎರಡು ಜೊತೆ ಒಣಬಟ್ಟೆ, ಒಂದು ಟವಲು, ಟೋಪಿ, ಒಂದು ಲೀಟರಿಗೆ ಬೆರೆಸುವ ಓಆರ್‌ಎಸ್ ಪೊಟ್ಟಣ. ನೀರಿನಲ್ಲೇ ಆಡುವ ಮಗುವಿಗೂ ಬಾಯಾರುತ್ತದೆ, ಅದು ಕೇಳುವುದಿಲ್ಲ ಅಷ್ಟೆ. ಇನ್ನೊಂದು ಮಾತು: ಮಳೆ ಕಡಿಮೆ ಬೀಳುವ ಈ ಸೀಮೆಯಲ್ಲಿ ನಮ್ಮ ಮಕ್ಕಳು ತುಂಬಿದ ಕೆರೆಯನ್ನು ಕಾಣುವುದೇ ಅಪರೂಪ, ಪೆನ್ನೆಯಲ್ಲಿ ಹೆಚ್ಚು ಕಾಲ ಕಾಣುವುದು ಮರಳು. ನೀರಿನ ಭಯವೂ ಅವರಿಗಿಲ್ಲ, ಪರಿಚಯವೂ ಇಲ್ಲ. ಕಾವಲುಗಾರರಿದ್ದಾರೆಂದು ತಾಯಿ ತಂದೆ ದಡದಲ್ಲಿ ಕೂರುವಂತಿಲ್ಲ; ಮೊಣಕಾಲುದ್ದದ ನೀರಾದರೂ ಕೈಗೆಟುಕುವಷ್ಟು ಹತ್ತಿರದಲ್ಲೇ ಇರಬೇಕು.

ಜನಜಂಗುಳಿಯಲ್ಲಿ ಮಗು ಕೈತಪ್ಪುವ ಭಯ ಎಲ್ಲರಿಗೂ ಇದ್ದದ್ದೇ. ನಮ್ಮ ಮಕ್ಕಳಿಗೆ ಅದರ ಜೊತೆಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ನಾಲ್ಕರ ಮಗು ಗಾಬರಿಯಾದಾಗ ಎರಡನ್ನೂ ಬೆರೆಸಿ ಮಾತನಾಡುತ್ತದೆ. ಬೆಂಗಳೂರಿನಲ್ಲಿ ಅದನ್ನು ಎತ್ತಿಕೊಂಡವರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೇಳಿದರೆ ಬಾಯಿಯೇ ಬಿಡದು. ಹೊರಡುವ ವಾರ ಪೂರ್ತಿ ಆಟದಂತೆ ಅಭ್ಯಾಸ ಮಾಡಿಸಿ: ನನ್ನ ಹೆಸರು ಇಂಥದು, ಅಪ್ಪನ ಹೆಸರು ಇಂಥದು, ನಮ್ಮೂರು ಹಿಂದೂಪುರ. ‘ಅಮ್ಮ’ ಎಂದರೆ ಯಾರಿಗೂ ಹುಡುಕಲಾಗದು; ಅಮ್ಮನಿಗೂ ಒಂದು ಹೆಸರಿದೆಯೆಂದು ಅನೇಕ ಮಕ್ಕಳಿಗೆ ತಿಳಿದಿರುವುದೇ ಇಲ್ಲ. ನೀರಿನಲ್ಲಿ ಅಳಿಸದ ಶಾಯಿಯಿಂದ ಮುಂಗೈ ಮೇಲೆ ಫೋನ್ ಸಂಖ್ಯೆ ಬರೆಯಿರಿ. ಬೆಳಗ್ಗೆ ತೊಡಿಸಿದ ಬಟ್ಟೆಯಲ್ಲಿ ಮಗುವಿನ ಒಂದು ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಒಳಗೆ ಕಾಲಿಟ್ಟ ಕೂಡಲೇ ಸಮವಸ್ತ್ರದ ಸಿಬ್ಬಂದಿಯನ್ನು ತೋರಿಸಿ, ನಾನು ಕಾಣದಿದ್ದರೆ ಓಡಾಡದೆ ನಿಂತಲ್ಲೇ ನಿಂತು ಇವರನ್ನು ಕರೆ ಎಂದು ಹೇಳಿ. ಮಕ್ಕಳ ಸಹಾಯವಾಣಿ 1098 ಎರಡೂ ರಾಜ್ಯಗಳಲ್ಲಿ ಒಂದೇ.

ಒಳಗಿನ ಹೊತ್ತಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೆಳಗಿನ ಹುರುಪಿನಲ್ಲಿ ಚಿಕ್ಕವರ ಆಟಗಳು ಮೊದಲಾಗಲಿ. ದೊಡ್ಡವರ ಸರದಿ ಚಿಕ್ಕದು ಮಲಗಿದಾಗ. ಕತ್ತಲೆಯ ಗುಹೆ, ಸಿಡಿಲಿನಂಥ ಸದ್ದು, ಮುಖವಾಡದ ಗೊಂಬೆ ಇವುಗಳಿಗೆ ಮಗು ಹೆದರಿದರೆ ‘ದುಡ್ಡು ಕೊಟ್ಟಿದ್ದೇವೆ, ನೋಡು’ ಎಂದು ತಳ್ಳಬಾರದು. ಸಂಜೆಯ ನೂಕುನುಗ್ಗಲಿಗೆ ಒಂದು ಗಂಟೆ ಮುಂಚೆ ಹೊರಬೀಳುವುದು ಜಾಣತನ.

ಇಷ್ಟೆಲ್ಲ ಓದಿ ಕಲ್ಯಾಣದುರ್ಗದ ಕಡೆಯ ತಾಯಿಯೊಬ್ಬರು ನಿಟ್ಟುಸಿರಿಟ್ಟರೆ ಅವರಿಗೆ ನಾನು ಹೇಳುವುದು ಲೇಪಾಕ್ಷಿಯನ್ನು. ಅವರಿಗೂ ದಾರಿ ಕಿರಿದಲ್ಲ; ಆದರೂ ಬಿಡದಿಗೆ ಹೋಲಿಸಿದರೆ ಅರ್ಧದ ಮಾತು. ಹಿಂದೂಪುರದಿಂದ ಕೇವಲ 15 ಕಿಲೋಮೀಟರ್. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಸೋದರರು ಕಟ್ಟಿಸಿದ ವೀರಭದ್ರ ದೇವಾಲಯವನ್ನು ಶಿಲ್ಪ ಬಲ್ಲವರು ಬೇರೆ ಕಣ್ಣಿನಿಂದ ನೋಡುತ್ತಾರೆ. ಮೂರಡಿಯ ಯಾತ್ರಿಕರಿಗೆ ಅದು ಎತ್ತರದ ಕಟ್ಟುಪಾಡಿಲ್ಲದ ಆಟದ ಅಂಗಳ. ನೆಲಕ್ಕೆ ಪೂರ್ತಿ ತಾಗದ ತೂಗುಕಂಬದ ಕೆಳಗೆ ವಲ್ಲಿಯನ್ನು ತೂರಿಸಿ ಆಚೆ ಎಳೆಯುವ ಕೆಲಸವನ್ನು ಮಕ್ಕಳು ಹತ್ತು ಸಲ ಮಾಡಿದರೂ ದಣಿಯರು. ಸೀತೆಯ ಪಾದವೆಂದು ಜನ ತೋರಿಸುವ ಬಂಡೆಯ ಮೇಲಿನ ದೊಡ್ಡ ಹೆಜ್ಜೆಗುರುತಿನಲ್ಲಿ ತಮ್ಮ ಪುಟ್ಟ ಪಾದವಿಟ್ಟು ಅಳೆಯುತ್ತಾರೆ. ಏಳು ಹೆಡೆಯ ಕಲ್ಲಿನ ನಾಗ, ಚಾವಣಿಯ ತುಂಬ ಬಣ್ಣದ ಚಿತ್ರಗಳು. ಅಲ್ಲಿನ ಶಾಸನಗಳಲ್ಲಿ ಕನ್ನಡವೂ ಇರುವುದರಿಂದ, ಹೊಸದಾಗಿ ಅಕ್ಷರ ಕಲಿತ ಅಕ್ಕನಿಗೂ ಹುಡುಕುವ ಕೆಲಸವೊಂದು ಸಿಕ್ಕಂತಾಗುತ್ತದೆ. ಒಂದೆರಡು ಅಕ್ಷರ ಗುರುತು ಸಿಕ್ಕರೂ ಅವಳ ಬೀಗು ನೋಡಬೇಕು.

ಬೆಳಗ್ಗೆ ಎಂಟರೊಳಗೆ ತಲುಪಬೇಕು. ಬರಿಗಾಲಲ್ಲಿ ನಡೆಯುವ ಕರಿಕಲ್ಲಿನ ಅಂಗಳ ಹನ್ನೊಂದರ ಹೊತ್ತಿಗೆ ಕಾದ ಹೆಂಚಾಗುತ್ತದೆ. ಚಿಕ್ಕವರಿಗೆ ದಪ್ಪ ಕಾಲುಚೀಲ ಇಟ್ಟುಕೊಳ್ಳಿ. ಜನವರಿಯಿಂದ ಮಳೆಗಾಲದ ಆರಂಭದವರೆಗಿನ ದಿನವಾದರೆ, ಚಿಲಮತ್ತೂರು ಕಡೆಯ ವೀರಾಪುರವನ್ನೂ ನೋಡಬಹುದು. ಊರೊಳಗಿನ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಹಳ್ಳಿಯವರು ಅವುಗಳನ್ನು ಮನೆಮಕ್ಕಳಂತೆ ಕಾಯುತ್ತಾರೆ. ಅಲ್ಲಿ ಕೂಗಾಡಬಾರದೆಂದು ಮಕ್ಕಳಿಗೆ ಮೊದಲೇ ಹೇಳಿರಬೇಕು.

ಲೇಪಾಕ್ಷಿಯ ಬಸವಣ್ಣನನ್ನು ಕೊನೆಗೆ ಇಟ್ಟುಕೊಳ್ಳಿ. ಒಂದೇ ಬಂಡೆಯಲ್ಲಿ ಕಡೆದ, ಸುಮಾರು 15 ಅಡಿ ಎತ್ತರ, 27 ಅಡಿ ಉದ್ದದ ಆ ನಂದಿಯ ಮುಂದೆ ಮಗುವನ್ನು ನಿಲ್ಲಿಸಿ ಅದರ ಕೊರಳ ಗಂಟೆಗಳನ್ನು ಎಣಿಸಲು ಹೇಳಿ. ಸುತ್ತಲ ತೋಟದಲ್ಲಿ ನೆರಳುಂಟು. ಬುತ್ತಿ ಬಿಚ್ಚಲು ಅಲ್ಲಿ ಯಾರ ಅಡ್ಡಿಯೂ ಇಲ್ಲದ ಮರವೊಂದನ್ನು ಹುಡುಕಿಕೊಂಡು, ಚಿಕ್ಕವರು ಮಲಗಿ ಏಳುವವರೆಗೆ ದೊಡ್ಡವರೂ ಕಾಲು ಚಾಚಬಹುದು. ಹಿಂದೂಪುರಕ್ಕೆ ಮರಳುವ ಬಸ್ಸು ಅರ್ಧ ಗಂಟೆಯ ದಾರಿ.