ಇಪ್ಪತ್ನಾಲ್ಕು ತಾಸಿನ ಪುಸ್ತಕ

ನಾಲ್ಕು ವರ್ಷಗಳ ಹಿಂದಿನ ಮಾತು. ಮೇ ತಿಂಗಳ ಒಂದು ರಾತ್ರಿ ನನ್ನ ಮಡದಿಗೆ ಹೊಟ್ಟೆನೋವು ವಿಪರೀತವಾಗಿ, ಅಕ್ಕಲಕೋಟದಿಂದ ಸೊಲ್ಲಾಪುರದ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಕರುಳಿಗೆ ತೊಡಕಾಗಿದೆ, ಈಗಲೇ ಶಸ್ತ್ರಚಿಕಿತ್ಸೆ ಆಗಬೇಕು, ಬೆಳಗಾಗುವವರೆಗೆ ಏನನ್ನೂ ಹೇಳಲಾಗದು ಎಂದರು ವೈದ್ಯರು. ಮಗ ಔಷಧದ ಅಂಗಡಿಗೂ ಹಣ ಕಟ್ಟುವ ಕಿಟಕಿಗೂ ಓಡಾಡುತ್ತಿದ್ದ. ನಾನು ಹೊರಗಿನ ಬೆಂಚಿನ ಮೇಲೆ ಕುಳಿತು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದೆ. ರಜೆಗೆಂದು ಪುಣೆಯಿಂದ ಬಂದಿದ್ದ ಮೊಮ್ಮಗ ತನ್ನ ಚೀಲದಿಂದ ಒಂದು ಇಂಗ್ಲಿಷ್ ಪುಸ್ತಕ ತೆಗೆದು ಕೈಗಿತ್ತ.

"ಅಜ್ಜಾ, ಗಡಿಯಾರ ನೋಡಬ್ಯಾಡ್ರಿ. ಇದನ್ನ ಓದ್ರಿ, ಹೊತ್ತು ಹೋಗತೈತಿ."

ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡದ್ದು. 'ಆಪರೇಷನ್ ಹೆಲ್ ಗೇಟ್' ಎಂದು ಹೆಸರು. ಬರೆದವರು ಮಾರ್ಕ್ ಸೆರಾಸಿನಿ, 2005ರಲ್ಲಿ ಪ್ರಕಟವಾದದ್ದು. ಅಮೆರಿಕದಲ್ಲಿ 2001ರ ನವೆಂಬರಿನಲ್ಲಿ ಆರಂಭವಾದ '24' ಎಂಬ ದೂರದರ್ಶನ ಧಾರಾವಾಹಿಯನ್ನು ಆಧರಿಸಿದ ಕಾದಂಬರಿಮಾಲೆಯ ಮೊದಲ ಪುಸ್ತಕ ಅದು. ನಮ್ಮ ಅನಿಲ್ ಕಪೂರ್ ಆ ಧಾರಾವಾಹಿಯ ಎಂಟನೆಯ ಸರಣಿಯಲ್ಲಿ ನಟಿಸಿ, ಬಳಿಕ 2013ರಲ್ಲಿ ಅದನ್ನು ಹಿಂದಿಗೆ ತಂದದ್ದು ಓದುಗರಲ್ಲಿ ಕೆಲವರಿಗೆ ನೆನಪಿರಬಹುದು. ಒಂದು ದಿನದ ಇಪ್ಪತ್ನಾಲ್ಕು ತಾಸು, ತಾಸಿಗೊಂದು ಕಂತು. ನಡುವೆ ಜಾಹೀರಾತು ಬಂದರೂ ಕಥೆಯೊಳಗಿನ ಗಡಿಯಾರ ನಿಲ್ಲುವುದಿಲ್ಲ. ಪುಸ್ತಕದಲ್ಲಿಯೂ ಅದೇ ಏರ್ಪಾಡು: ಅಧ್ಯಾಯಕ್ಕೊಂದು ತಾಸು, ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ಎಂಬುದು ಅಧ್ಯಾಯದ ಆರಂಭದಲ್ಲಿಯೇ ಇರುತ್ತದೆ.

ಗಡಿಯಾರದಿಂದ ತಪ್ಪಿಸಿಕೊಳ್ಳಲೆಂದು ಮೊಮ್ಮಗ ಕೊಟ್ಟ ಪುಸ್ತಕದ ತುಂಬ ಗಡಿಯಾರವೇ! ಆದರೂ ಓದತೊಡಗಿದೆ. ನಾಯಕ ಜ್ಯಾಕ್ ಬಾವರ್ ಲಾಸ್ ಏಂಜಲೀಸಿನ ಭಯೋತ್ಪಾದನಾ ನಿಗ್ರಹ ದಳದವನು. ಕಾರ್ಯನಿಮಿತ್ತ ನ್ಯೂಯಾರ್ಕಿಗೆ ಬಂದು ಸಂಕಟದ ಮೇಲೆ ಸಂಕಟಕ್ಕೆ ಸಿಲುಕುತ್ತಾನೆ. ಭಾಷೆ ಸರಳ, ವಾಕ್ಯಗಳು ಚಿಕ್ಕವು, ವರ್ಣನೆ ಅಲ್ಪ. ಸಾಹಿತ್ಯವೆಂದು ಜೀವನವಿಡೀ ನಾನು ಮಕ್ಕಳಿಗೆ ಬೋಧಿಸಿದ್ದು ಅದರಲ್ಲಿ ಏನೂ ಇರಲಿಲ್ಲ. ಅಲ್ಲಿಯ ಒಂದು ತಾಸನ್ನು ನಾನು ಕಾಲು ತಾಸಿನಲ್ಲಿ ದಾಟುತ್ತಿದ್ದೆ; ತಲೆಯೆತ್ತಿದರೆ ಆಸ್ಪತ್ರೆಯ ಮುಳ್ಳು ಅಲ್ಲಲ್ಲಿಯೇ.

"ಇಂವ ಬದುಕ್ತಾನೇನಪಾ?" ಎಂದು ನಡುವೆ ಮೊಮ್ಮಗನನ್ನು ಕೇಳಿದೆ.

"ಬದುಕೇ ಬದುಕ್ತಾನ್ರಿ ಅಜ್ಜಾ. ಈ ಕಥಿ ಟಿ.ವಿ.ಯೊಳಗಿನ ಮೊದಲನೇ ದಿನಕ್ಕಿಂತ ಹಿಂದಿಂದು. ಇಲ್ಲೇ ಸತ್ತರ ಅಲ್ಲಿಗೆ ಹೆಂಗ ಬರಬೇಕು?"

ಇಂತಹ ಕಾದಂಬರಿಗಳ ಕಟ್ಟುಪಾಡೇ ಅದು. ಪಾತ್ರಗಳು ಕಾದಂಬರಿಕಾರನ ಸ್ವಂತ ಆಸ್ತಿಯಲ್ಲ. ನಾಯಕನನ್ನು ಬೇಕಾದಷ್ಟು ಬಳಲಿಸಬಹುದು, ಗಾಯಗೊಳಿಸಬಹುದು. ಕೊನೆಯಲ್ಲಿ ಧಾರಾವಾಹಿಗೆ ಜೀವಂತ ಒಪ್ಪಿಸಲೇಬೇಕು. ವಿಮರ್ಶಕರು ಇದನ್ನು ದೋಷವೆಂದಾರು. ನಾನೂ ಅನ್ನುತ್ತಿದ್ದೆ. ಆದರೆ ಆ ರಾತ್ರಿ ಮೊಮ್ಮಗನ ಮಾತು ಕೇಳಿ ನನ್ನ ಉಸಿರು ಸಡಿಲವಾಯಿತು. ಎರಡು ಗಡಿಯಾರಗಳಲ್ಲಿ ಒಂದಾದರೂ ಒಳ್ಳೆಯದರ ಕಡೆಗೆ ನಡೆಯುತ್ತಿದೆಯಲ್ಲ ಎನಿಸಿತು. ನಸುಕಿನಲ್ಲಿ ವೈದ್ಯರು ಹೊರಬಂದು, "ಗುರುಗಳೇ, ಗಂಡಾಂತರ ಕಳೆಯಿತು" ಎಂದಾಗ ನಾನು ಹದಿನಾರನೆಯ ಅಧ್ಯಾಯದಲ್ಲಿ ಬೆರಳಿಟ್ಟುಕೊಂಡಿದ್ದೆ.

ಮನೆಗೆ ಮರಳಿದ ಮೇಲೆ ಮಡದಿ, ಆ ರಾತ್ರಿ ಏನು ಮಾಡುತ್ತಿದ್ದಿರಿ ಎಂದು ಕೇಳಿದಳು. ಕಥೆ ಹೇಳಿದೆ.

"ಅಂವ ಉಳದನೋ ಇಲ್ಲೋ?"

"ಉಳಿಯಾಂವನ ಇದ್ದ. ಮೊದಲ ಗೊತ್ತಿತ್ತು."

"ಗೊತ್ತಿದ್ದ ಮ್ಯಾಲೆ ಮತ್ಯಾಕ ಓದಿದ್ರಿ?"

ನಾನು ಸುಮ್ಮನಾದೆ. ಇದೇ ಪ್ರಶ್ನೆಯನ್ನು ಸುಮಾರು ನಲವತ್ತು ವರ್ಷಗಳ ಹಿಂದೆ ನಾನೇ ಒಬ್ಬ ವಿದ್ಯಾರ್ಥಿಗೆ ಹಾಕಿದ್ದೆ. ಗಡಿಯ ಕನ್ನಡ ಶಾಲೆ, ಒಂಬತ್ತನೆಯ ತರಗತಿ. ವ್ಯಾಕರಣದ ಪುಸ್ತಕದೊಳಗೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಇಟ್ಟುಕೊಂಡು ಓದುತ್ತಿದ್ದ. ಕಸಿದುಕೊಂಡೆ. "ಪತ್ತೇದಾರನೇ ಗೆಲ್ಲುತ್ತಾನೆಂದು ಗೊತ್ತಿದ್ದೂ ಯಾಕೋ ಓದುತ್ತಿ?" ಎಂದು ಎಲ್ಲರೆದುರು ಕೇಳಿದೆ. ಹುಡುಗ ತಲೆ ತಗ್ಗಿಸಿ ನಿಂತ. ಆ ವರ್ಷ ಅವನ ತಂದೆ ಹಾಸಿಗೆ ಹಿಡಿದಿದ್ದುದು ನನಗೆ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಬರಲಿಲ್ಲ. ಪುಸ್ತಕ ಶಾಲೆಯ ಕಪಾಟಿನಲ್ಲಿಯೇ ಉಳಿದು ಗೆದ್ದಲಿಗೆ ಹೋಯಿತು. ಮರುವರ್ಷ ಹುಡುಗ ಶಾಲೆ ಬಿಟ್ಟ.

ಉತ್ತಮ ಸಾಹಿತ್ಯವನ್ನು ಕುರಿತ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಆದರೆ ಓದುವವನ ರಾತ್ರಿ ಹೇಗಿದೆಯೆಂದು ವಿಚಾರಿಸದೆ ಅವನ ಕೈಯೊಳಗಿನ ಪುಸ್ತಕವನ್ನು ತೂಗಬಾರದೆಂದು ಕಲಿತೆ. ಈ ಪಾಠಕ್ಕೆ ಎಪ್ಪತ್ತು ದಾಟಬೇಕಾಯಿತು.

ಕಳೆದ ದೀಪಾವಳಿಗೆ ನಮ್ಮ ಊರಿನ ವಾಚನಾಲಯಕ್ಕೆ ಒಂದಿಷ್ಟು ಕನ್ನಡ ಪತ್ತೇದಾರಿ ಕಾದಂಬರಿಗಳನ್ನು ಕೊಟ್ಟೆ. ದಾನಿಯ ಹೆಸರಿನ ಜಾಗದಲ್ಲಿ ಆ ಹುಡುಗನ ಹೆಸರು ಬರೆಯಿಸಿದೆ. ಅವನು ಈಗ ಎಲ್ಲಿದ್ದಾನೋ ತಿಳಿಯದು. ಪುಸ್ತಕ ಮಾತ್ರ ಅವನಿಗೆ ಸಲ್ಲಬೇಕಾದದ್ದು.